35 ದಿನಗಳ ಲೆಕ್ಕ

ಬೆಂಗಳೂರಿನ ಬಸವನಗುಡಿಯಲ್ಲಿ ಸಾರ್ವಜನಿಕರಿಗಾಗಿ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಕುರಿತು ನೀಡಿದ ಉಪನ್ಯಾಸದ ಬರಹ ರೂಪ

ನನ್ನ ಕೋಣೆಗೆ ಬರುವ ರೋಗಿಗಳಲ್ಲಿ ‘ವಿಕಿರಣ ಚಿಕಿತ್ಸೆ’ ಎಂಬ ಮಾತನ್ನು ಬಳಸುವವರು ಬಹಳ ಕಡಿಮೆ. ಪಾವಗಡದ ಕಡೆಯ ರೈತರಿರಲಿ, ಜಯನಗರದ ನಿವೃತ್ತ ಅಧಿಕಾರಿಗಳಿರಲಿ, ಚೀಟಿಯನ್ನು ಮೇಜಿನ ಮೇಲಿಟ್ಟು ‘ಸಾರ್, ಕರೆಂಟ್ ಕೊಡಿಸ್ಬೇಕಂತೆ’ ಎಂದೇ ಹೇಳುತ್ತಾರೆ. ಈ ಪದವನ್ನು ತಿದ್ದುವುದಕ್ಕೆ ನಾನು ಹೋಗುವುದಿಲ್ಲ, ಏಕೆಂದರೆ ಜನರ ಭಯ ಏನು ಎಂಬುದನ್ನು ಅದು ನನಗೆ ತಿಳಿಸಿಕೊಡುತ್ತದೆ. ಶಾಕ್ ಹೊಡೆಯುತ್ತದೆಯೇ, ಮೈ ಸುಟ್ಟು ಕರಿದಾಗುತ್ತದೆಯೇ, ಮನೆಗೆ ಹೋದ ಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ ಎಂಬ ಪ್ರಶ್ನೆಗಳೆಲ್ಲ ಆ ಒಂದು ಪದದೊಳಗೆ ಅಡಗಿವೆ. ಆದ್ದರಿಂದ ನಾನೂ ಅಲ್ಲಿಂದಲೇ ಆರಂಭಿಸುತ್ತೇನೆ.

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದು ಇಷ್ಟು. ರೋಗಿ ಒಂದು ಗಟ್ಟಿ ಮಂಚದ ಮೇಲೆ ಮಲಗುತ್ತಾರೆ. ತಂತ್ರಜ್ಞರು ಅವರ ಮೈಮೇಲಿನ ಗುರುತುಗಳನ್ನು ಗೋಡೆಯಿಂದ ಬರುವ ಲೇಸರ್ ಗೆರೆಗಳಿಗೆ ಹೊಂದಿಸಿ, ಹೊರಗೆ ಹೋಗಿ, ದಪ್ಪ ಬಾಗಿಲನ್ನು ಮುಚ್ಚಿ, ಟಿವಿ ಪರದೆಯಲ್ಲಿ ಅವರನ್ನು ನೋಡುತ್ತಿರುತ್ತಾರೆ. ಯಂತ್ರದ ತಲೆ ಸುತ್ತಲೂ ತಿರುಗುತ್ತದೆ, ಸಣ್ಣದೊಂದು ಸದ್ದು ಕೇಳಿಸುತ್ತದೆ. ಒಳಗೆ ಹೋಗಿ ಹೊರಗೆ ಬರುವುದಕ್ಕೆ ಹತ್ತು ಹದಿನೈದು ನಿಮಿಷ ಹಿಡಿದರೆ, ಕಿರಣ ನಿಜವಾಗಿ ಹರಿಯುವುದು ಅದರಲ್ಲಿ ಕೆಲವೇ ನಿಮಿಷ. ಎದೆಯ ಎಕ್ಸ್‌ರೇ ತೆಗೆಸುವಾಗ ನಿಮಗೆ ಏನು ಅನುಭವವಾಗುತ್ತದೆಯೋ ಇಲ್ಲಿಯೂ ಅಷ್ಟೇ, ಅಂದರೆ ಏನೂ ಆಗುವುದಿಲ್ಲ.

ಶಾಖದ ವಿಷಯಕ್ಕೆ ಬಂದರೆ ಒಂದು ಲೆಕ್ಕ ಹೇಳುತ್ತೇನೆ. ನಾವು ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು, ಒಂದು ಕಿಲೋ ಅಂಗಾಂಶದಲ್ಲಿ ಒಂದು ಜೂಲ್ ಶಕ್ತಿ ಇಳಿದರೆ ಅದು 1 ಗ್ರೇ. ದಿನಕ್ಕೆ ಸಾಮಾನ್ಯವಾಗಿ ಕೊಡುವುದು 2 ಗ್ರೇ. ಇಷ್ಟು ಶಕ್ತಿ ನೀರಿನಲ್ಲಿ ಇಳಿದರೆ ಅದರ ಉಷ್ಣತೆ ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟೂ ಏರುವುದಿಲ್ಲ. ಹಾಗಾದರೆ ಇದು ಗಡ್ಡೆಯನ್ನು ಹೇಗೆ ನಾಶಮಾಡುತ್ತದೆ ಎಂದು ನೀವು ಕೇಳಬೇಕು. ಶಕ್ತಿ ಅಲ್ಪವಾದರೂ ಅದು ಬೀಳುವ ಜಾಗ ಸೂಕ್ಷ್ಮವಾದದ್ದು. ಎಕ್ಸ್ ಕಿರಣ ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆದಾಗ ಹುಟ್ಟುವ ತೀಕ್ಷ್ಣ ಕಣಗಳು ಪಕ್ಕದಲ್ಲೇ ಇರುವ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತವೆ. ಡಿಎನ್‌ಎ ಎರಡು ಎಳೆಗಳ ಹುರಿ. ಒಂದು ಎಳೆ ತುಂಡಾದರೆ ಜೀವಕೋಶ ಅದನ್ನು ಸುಲಭವಾಗಿ ಹೊಲಿದುಕೊಳ್ಳುತ್ತದೆ, ಎರಡೂ ಒಂದೇ ಕಡೆ ತುಂಡಾದರೆ ಕಷ್ಟಕ್ಕೆ ಬೀಳುತ್ತದೆ. 1 ಗ್ರೇ ವಿಕಿರಣದಿಂದ ಒಂದು ಜೀವಕೋಶದಲ್ಲಿ ಇಂಥ ಜೋಡಿ ತುಂಡುಗಳು ಸುಮಾರು 40 ಆಗುತ್ತವೆ. ಕೋಶ ಅಲ್ಲೇ ಸುಟ್ಟು ಸಾಯುವುದಿಲ್ಲ. ಹೆಚ್ಚಿನವು ಮುಂದೆ ಇಬ್ಭಾಗವಾಗಲು ಹೊರಟಾಗ ಆಗದೆ ಸಾಯುತ್ತವೆ. ಚಿಕಿತ್ಸೆ ಮುಗಿದ ವಾರದಲ್ಲೇ ‘ಗಂಟು ಇನ್ನೂ ಕೈಗೆ ಸಿಗ್ತಿದೆ ಸಾರ್’ ಎಂದು ಗಾಬರಿಯಿಂದ ಬರುವವರಿಗೆ ನಾನು ಇದನ್ನೇ ವಿವರಿಸುತ್ತೇನೆ. ಗಡ್ಡೆ ಕರಗುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕಾಗುತ್ತವೆ, ಆದ್ದರಿಂದಲೇ ನಾವು ಸ್ಕ್ಯಾನ್ ಮಾಡಿಸಲು ಎರಡು ಮೂರು ತಿಂಗಳು ಕಾಯುತ್ತೇವೆ.

ಒಂದೇ ದಿನ ಎಲ್ಲವನ್ನೂ ಕೊಟ್ಟು ಮುಗಿಸಬಾರದೇ ಎಂಬ ಪ್ರಶ್ನೆ ದಿನವೂ ಬರುತ್ತದೆ, ಇವತ್ತಿನ ಮಾತಿನ ತಿರುಳೂ ಇದೇ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ರಂಟ್ಗೆನ್ 1895ರ ನವೆಂಬರಿನಲ್ಲಿ ಎಕ್ಸ್ ಕಿರಣಗಳನ್ನು ಕಂಡರು, ಮರುವರ್ಷವೇ ವೈದ್ಯರು ಅವುಗಳನ್ನು ಗಡ್ಡೆಗಳ ಮೇಲೆ ಪ್ರಯೋಗಿಸತೊಡಗಿದರು. 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದರು. ಆ ಕಾಲದ ವೈದ್ಯರಿಗೆ ಅಳತೆ ತಿಳಿದಿರಲಿಲ್ಲ, ಒಮ್ಮೆಗೇ ಬಹಳ ಕೊಟ್ಟರು, ಗಡ್ಡೆಯ ಜೊತೆಗೆ ಚರ್ಮವೂ ಕೊಳೆಯಿತು. ಯಂತ್ರದ ಮುಂದೆ ಕೈಯೊಡ್ಡಿ ಪರೀಕ್ಷಿಸುತ್ತಿದ್ದ ಹಲವರು ಬೆರಳುಗಳನ್ನೂ ಕೆಲವರು ಪ್ರಾಣವನ್ನೂ ಕಳೆದುಕೊಂಡರು. ನನ್ನ ವೃತ್ತಿಯಲ್ಲಿರುವ ಪ್ರತಿಯೊಬ್ಬರೂ ಅವರಿಗೆ ಋಣಿ.

ದಾರಿ ತೋರಿಸಿದ್ದು ಪ್ಯಾರಿಸ್ಸಿನ ಕ್ಲಾಡಿಯಸ್ ರೆಗೋ ಅವರು ಟಗರುಗಳ ಮೇಲೆ ನಡೆಸಿದ ಪ್ರಯೋಗ. ಟಗರಿನ ವೃಷಣದಲ್ಲಿ ಕೋಶಗಳು ಸದಾ ವಿಭಜಿಸುತ್ತಿರುತ್ತವೆ, ಅದರ ಮೇಲಿನ ಚರ್ಮ ಸಾಮಾನ್ಯ ಚರ್ಮ. ಒಂದೇ ಸಲಕ್ಕೆ ವಿಕಿರಣ ಕೊಟ್ಟು ಟಗರನ್ನು ಬಂಜೆ ಮಾಡಲು ಹೋದರೆ ಚರ್ಮ ತೀವ್ರವಾಗಿ ಹಾಳಾಗುತ್ತಿತ್ತು; ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟರೆ ಉದ್ದೇಶವೂ ಈಡೇರಿ ಚರ್ಮವೂ ಉಳಿಯುತ್ತಿತ್ತು. ಸದಾ ವಿಭಜಿಸುವ ಕೋಶದ ಜಾಗದಲ್ಲಿ ಕ್ಯಾನ್ಸರನ್ನು ಇಟ್ಟು ನೋಡಿ. ಅಲ್ಲಿಯೇ ನಮ್ಮ ಶಾಸ್ತ್ರದ ಅಡಿಪಾಯವಿದೆ. ರೆಗೋ ಅವರ ಸಹೋದ್ಯೋಗಿ ಕುಟಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರಿಗೆ ಇದೇ ಕ್ರಮವನ್ನು ಅನುಸರಿಸಿ ರೋಗಿಗಳನ್ನು ಗುಣಪಡಿಸಿದರು.

ಇವತ್ತು ಬೆಳಗ್ಗೆ 2 ಗ್ರೇ ಕೊಟ್ಟಾಗ ಒಳ್ಳೆಯ ಕೋಶಕ್ಕೂ ಏಟು ಬೀಳುತ್ತದೆ, ಕೆಟ್ಟ ಕೋಶಕ್ಕೂ ಬೀಳುತ್ತದೆ. ಒಳ್ಳೆಯ ಕೋಶ ನಾಳೆ ಬೆಳಗಾಗುವುದರೊಳಗೆ ತನ್ನ ಹರಿದ ಎಳೆಗಳನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶ ಕೆಟ್ಟ ದುರಸ್ತಿಗಾರ. ಅದು ಅರೆಬರೆ ಹೊಲಿದುಕೊಂಡು ನಾಳಿನ ಏಟಿಗೆ ಸಿಕ್ಕಿಬೀಳುತ್ತದೆ. ಹೀಗೆ ದಿನದಿನವೂ ಇಬ್ಬರ ನಡುವಿನ ಅಂತರ ಹೆಚ್ಚುತ್ತ ಹೋಗಿ, 35 ದಿನಗಳ ಕೊನೆಗೆ 70 ಗ್ರೇ ಆದಾಗ ಗಂಟಲು ಉಳಿದು ಗಡ್ಡೆ ಹೋಗಿರುತ್ತದೆ. ಅದೇ 70 ಗ್ರೇಯನ್ನು ಒಂದೇ ದಿನ ಕೊಟ್ಟರೆ ಗಂಟಲೂ ಉಳಿಯುವುದಿಲ್ಲ.

ಇದರ ಇನ್ನೊಂದು ಮುಖವನ್ನು ನೀವು ದಯವಿಟ್ಟು ಗಮನವಿಟ್ಟು ಕೇಳಬೇಕು. ಸುಮಾರು ನಾಲ್ಕು ವಾರಗಳಾದ ಮೇಲೆ, ಉಳಿದುಕೊಂಡ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ವಿಭಜಿಸತೊಡಗುತ್ತವೆ. ಅಂದರೆ ರೋಗಿಗೆ ಬಾಯಿ ಹುಣ್ಣಾಗಿ, ಊಟ ಸೇರದೆ, ಸಾಕಪ್ಪಾ ಸಾಕು ಎನಿಸುವ ಐದನೇ ವಾರದಲ್ಲೇ ಗಡ್ಡೆಯೂ ತಿರುಗಿ ಬೀಳಲು ಹವಣಿಸುತ್ತಿರುತ್ತದೆ. ತಲೆ ಕುತ್ತಿಗೆಯ ಕ್ಯಾನ್ಸರಿನಲ್ಲಿ ಒಂದೊಂದು ದಿನ ತಡವಾದಂತೆಲ್ಲ ಗುಣವಾಗುವ ಸಾಧ್ಯತೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಇಳಿಯುತ್ತದೆ ಎಂಬುದು ನಮ್ಮ ಪಠ್ಯಗಳಲ್ಲಿ ಒಪ್ಪಿತವಾದ ಲೆಕ್ಕ. ಹತ್ತು ದಿನ ತಪ್ಪಿಸಿದರೆ ಏನಾಗುತ್ತದೆ ಎಂದು ನೀವೇ ಗುಣಿಸಿ ನೋಡಿ.

ಹಲವು ವರ್ಷಗಳ ಹಿಂದೆ ರೇಷ್ಮೆ ಸಾಕುವ ಒಬ್ಬ ಯಜಮಾನರು ಗಂಟಲ ಚಿಕಿತ್ಸೆಗೆ ಬಂದಿದ್ದರು. ಇಪ್ಪತ್ತೆರಡು ಸಿಟ್ಟಿಂಗ್, ಅಂದರೆ ಇಪ್ಪತ್ತೆರಡು ಸಲದ ವಿಕಿರಣ, ಚೆನ್ನಾಗಿ ನಡೆಯಿತು, ಗಂಟು ಅರ್ಧಕ್ಕಿಳಿಯಿತು, ಧ್ವನಿ ತೆರೆಯಿತು. ಆಮೇಲೆ ಅವರು ಬರಲಿಲ್ಲ. ಹನ್ನೆರಡು ದಿನಗಳ ನಂತರ ಬಂದು, ‘ಹುಳ ಹಣ್ಣಾಗಿತ್ತು ಸಾರ್, ಚಂದ್ರಿಕೆಗೆ ಬಿಡೋಕೆ ಮನೇಲಿ ಯಾರೂ ಇರ್ಲಿಲ್ಲ, ಹೆಂಗೂ ವಾಸಿ ಆಗ್ತಾ ಇದೆಯಲ್ಲ ಅಂದ್ಕೊಂಡೆ’ ಎಂದರು. ವರ್ಷದೊಳಗೆ ಅವರಿಗೆ ಕಾಯಿಲೆ ಮರುಕಳಿಸಿತು. ಗೂಡು ಕಟ್ಟಲು ಹಣ್ಣಾದ ಹುಳವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡದೆ ಒಂದು ದಿನವೂ ಕಾಯಿಸಲಾಗದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಈ ಚಿಕಿತ್ಸೆಯೂ ಅಂಥದ್ದೇ ಎಂದು ಅವರಿಗೆ ತಿಳಿಯುವ ಹಾಗೆ ನಾನು ಮೊದಲ ದಿನ ಹೇಳಿರಲಿಲ್ಲ. ಅಂದಿನಿಂದ ಮೊದಲ ದಿನ ನಾನು ಯಂತ್ರದ ಬಗ್ಗೆ ಮಾತಾಡುವುದಕ್ಕಿಂತ ಮುಂಚೆ ಕ್ಯಾಲೆಂಡರ್ ತೆರೆದು ಕೂರುತ್ತೇನೆ: ಮನೆಯಲ್ಲಿ ಮದುವೆ ಇದೆಯೇ, ಊರಲ್ಲಿ ಜಾತ್ರೆ ಇದೆಯೇ, ರಾಗಿ ಕೊಯ್ಲು ಯಾವಾಗ, ಜೊತೆಯಲ್ಲಿ ಇರುವವರು ಯಾರು.

ಈಗ ಬೇರೆ ಬೇರೆ ಕ್ಯಾನ್ಸರುಗಳಲ್ಲಿ ಇದರ ಪಾತ್ರವೇನು ಎಂಬುದಕ್ಕೆ ಬರುತ್ತೇನೆ. ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ವಿಕಿರಣ ಬೇಕಾಗುತ್ತದೆ, ಆದರೆ ಎಲ್ಲರಿಗೂ ಒಂದೇ ರೀತಿಯಲ್ಲಿ ಅಲ್ಲ.

ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಅಗತ್ಯವಿದ್ದರೆ ವಿಕಿರಣ. ಧ್ವನಿಪೆಟ್ಟಿಗೆಯಲ್ಲಿ ಆರಂಭದಲ್ಲೇ ಕಂಡ ಕ್ಯಾನ್ಸರಿಗೆ ವಿಕಿರಣವೊಂದೇ ಸಾಕು, ಅದರ ದೊಡ್ಡ ಲಾಭವೆಂದರೆ ಧ್ವನಿ ಉಳಿಯುತ್ತದೆ. ಪಾಠ ಹೇಳುವ ಮೇಷ್ಟರಿಗೆ, ಹರಿಕಥೆ ಮಾಡುವವರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ ಅದು ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಾಗಿಲ್ಲ. ಮೂರು ವಾರಕ್ಕೂ ಮೀರಿ ದನಿ ಒಡೆದಿದ್ದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ ಎಂದು ನಾವು ಒತ್ತಾಯಿಸುವುದು ಇದಕ್ಕಾಗಿಯೇ.

ಈ ಭಾಗದ ಚಿಕಿತ್ಸೆ ಕಷ್ಟದ್ದು, ಅದನ್ನು ಮುಚ್ಚಿಡುವುದಿಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಒತ್ತಿ ಅವರ ಮುಖದ್ದೇ ಅಚ್ಚಿನ ಮಾಸ್ಕ್ ಮಾಡುತ್ತೇವೆ, ಪ್ರತಿದಿನ ಅದನ್ನು ತೊಡಿಸಿ ಮಂಚಕ್ಕೆ ಬಿಗಿಯುತ್ತೇವೆ. ಎರಡು ಮೂರನೇ ವಾರದಿಂದ ಬಾಯಿ ಹುಣ್ಣಾಗುತ್ತದೆ, ಜೊಲ್ಲು ಕಡಿಮೆಯಾಗಿ ಗಟ್ಟಿಯಾಗುತ್ತದೆ, ರುಚಿ ಹೋಗುತ್ತದೆ. ಖಾರ ಬಿಟ್ಟು ತೆಳ್ಳಗಿನ ರಾಗಿ ಗಂಜಿ, ಹಾಲು, ಬೇಯಿಸಿ ಮಸೆದ ಮೊಟ್ಟೆ, ನುಣ್ಣಗೆ ಅರೆದ ಬೇಳೆಯ ಕಟ್ಟು ಇವುಗಳಿಂದ ತೂಕ ಉಳಿಸಿಕೊಳ್ಳಬೇಕು. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಿಂದ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ನುಂಗಲು ಆಗದಿದ್ದರೆ ಕೆಲವು ವಾರ ಮೂಗಿನ ನಳಿಕೆ ಹಾಕಿಸಿಕೊಳ್ಳಲು ಹಿಂಜರಿಯಬಾರದು. ತೂಕ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ, ಮಾಸ್ಕ್ ಸಡಿಲವಾದರೆ ಗುರಿ ಸರಿಯುತ್ತದೆ. ಹೀಗೆ ಅಡುಗೆಮನೆಯ ಗಂಜಿಗೂ ಯಂತ್ರದ ಕರಾರುವಾಕ್ಕಿಗೂ ನೇರ ಸಂಬಂಧವಿದೆ. ಇನ್ನೊಂದು ಮುಖ್ಯ ಸಂಗತಿ ಹಲ್ಲಿನದು. ಕೀಳಿಸಬೇಕಾದ ಹಲ್ಲನ್ನು ಚಿಕಿತ್ಸೆಗೆ ಮುಂಚೆಯೇ ಕೀಳಿಸಿ ಗಾಯ ಮಾಗಿಸಿಕೊಳ್ಳಬೇಕು, ಏಕೆಂದರೆ ವಿಕಿರಣ ಬಿದ್ದ ದವಡೆಯ ಮೂಳೆಗೆ ರಕ್ತಸಂಚಾರ ಕುಗ್ಗಿರುತ್ತದೆ, ಐದು ವರ್ಷದ ಮೇಲೆ ಹಲ್ಲು ಕಿತ್ತರೂ ಆ ಗಾಯ ಮಾಗದೆ ಮೂಳೆ ಕೊಳೆಯಬಹುದು. ಯಾವ ದಂತವೈದ್ಯರ ಬಳಿಗೆ ಹೋದರೂ ‘ನನಗೆ ಇಲ್ಲಿ ವಿಕಿರಣ ಆಗಿದೆ’ ಎಂದು ಮೊದಲು ಹೇಳಬೇಕು.

ಗರ್ಭಕೊರಳಿನ ಕ್ಯಾನ್ಸರಿನ ಬಗ್ಗೆ ಮಾತನಾಡುವಾಗ ನನಗೆ ನೋವೂ ಆಗುತ್ತದೆ, ಭರವಸೆಯೂ ಇರುತ್ತದೆ. ತಿಂಗಳುಗಟ್ಟಲೆ ಬಿಳಿಸೆರಗು, ರಕ್ತಸ್ರಾವ ಇದ್ದರೂ ಮನೆಯಲ್ಲಿ ಹೇಳಿಕೊಳ್ಳದೆ, ಗಡ್ಡೆ ಸುತ್ತಲಿಗೆ ಹರಡಿದ ಮೇಲೆ ಬರುವ ತಾಯಂದಿರನ್ನು ದಿನವೂ ನೋಡುತ್ತೇನೆ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಗೆ ಅವಕಾಶವಿರುವುದಿಲ್ಲ, ಆದರೂ ವಿಕಿರಣದಿಂದ ಗುಣವಾಗುವವರು ಬಹಳ ಮಂದಿ. ಐದು ವಾರ ಹೊರಗಿನಿಂದ ವಿಕಿರಣ, ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧ, ಕೊನೆಗೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಈ ಕೊನೆಯದನ್ನು ಹಲವರು ಹೆದರಿ ಬಿಟ್ಟುಬಿಡುತ್ತಾರೆ, ಅದು ಬಹಳ ದೊಡ್ಡ ನಷ್ಟ. ಗರ್ಭಕೋಶದೊಳಗೆ ಸಪೂರವಾದ ಕೊಳವೆಗಳನ್ನಿಟ್ಟು, ಅವುಗಳ ಮೂಲಕ ಭತ್ತದ ಕಾಳಿಗಿಂತ ಚಿಕ್ಕದಾದ ವಿಕಿರಣಶೀಲ ಇರಿಡಿಯಂ ಲೋಹದ ತುಣುಕನ್ನು ಯಂತ್ರ ಒಳಕ್ಕೆ ಕಳಿಸಿ, ನಿಮಿಷಗಳ ಲೆಕ್ಕದಲ್ಲಿ ನಿಲ್ಲಿಸಿ, ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗರ್ಭಗುಡಿಯ ನಂದಾದೀಪ ಗರ್ಭಗುಡಿಯನ್ನು ಬೆಳಗುತ್ತದೆ, ಪ್ರಾಕಾರದ ತನಕ ಬರುವುದಿಲ್ಲ. ಇಲ್ಲಿಯೂ ದೂರ ಎರಡು ಪಟ್ಟಾದರೆ ಕಿರಣ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಗಡ್ಡೆಗೆ ಸಿಗಬೇಕಾದ 80 ಗ್ರೇಗೂ ಹೆಚ್ಚಿನ ಪ್ರಮಾಣ ಸಿಕ್ಕಿ, ಮೂತ್ರಕೋಶ ಮತ್ತು ಗುದನಾಳ ಬಹುಮಟ್ಟಿಗೆ ಉಳಿಯುತ್ತವೆ. ಹೊರಗಿನ ವಿಕಿರಣದಿಂದ ಮಾತ್ರ ಅಷ್ಟನ್ನು ಕೊಡಲು ಹೋದರೆ ಕರುಳು ತಡೆಯುವುದಿಲ್ಲ. ಇದೆಲ್ಲ ಎಂಟು ವಾರಗಳೊಳಗೆ ಮುಗಿಯಬೇಕು.

ಇಲ್ಲಿ ರಕ್ತಹೀನತೆಯ ಮಾತೂ ಬರುತ್ತದೆ. ವಿಕಿರಣ ಕತ್ತರಿಸಿದ ಡಿಎನ್‌ಎ ಮತ್ತೆ ಕೂಡಿಕೊಳ್ಳದಂತೆ ಮಾಡುವುದು ಆಮ್ಲಜನಕ. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಹಿಮೋಗ್ಲೋಬಿನ್ 7ಕ್ಕೆ ಇಳಿದಿರುವ ಹೆಣ್ಣುಮಕ್ಕಳಿಗೆ ನಾವು ರಕ್ತ ಕೊಟ್ಟು 10ರ ಮೇಲೆ ಇಡಲು ಯತ್ನಿಸುವುದು ಬರಿಯ ನಿಶ್ಶಕ್ತಿಗಾಗಿ ಅಲ್ಲ, ಚಿಕಿತ್ಸೆ ಹತ್ತಲಿ ಎಂದು. ಈ ನಗರದಲ್ಲಿ ರಕ್ತದಾನ ಮಾಡುವ ಯುವಕ ಯುವತಿಯರು ಇಲ್ಲಿ ಕೂತಿದ್ದರೆ, ನೀವು ಕೊಟ್ಟ ಒಂದು ಬಾಟಲಿ ರಕ್ತ ಯಾವುದೋ ತಾಯಿಯ ವಿಕಿರಣ ಚಿಕಿತ್ಸೆಗೆ ಬಲ ಕೊಟ್ಟಿರಬಹುದು ಎಂದು ತಿಳಿಯಿರಿ.

ಸ್ತನದ ಕ್ಯಾನ್ಸರಿನಲ್ಲಿ ಬದಲಾವಣೆ ಸಂತೋಷದ್ದು. ಗಂಟನ್ನಷ್ಟೇ ತೆಗೆದು ಸ್ತನವನ್ನು ಉಳಿಸಿ, ಉಳಿದ ಭಾಗಕ್ಕೆ ವಿಕಿರಣ ಕೊಟ್ಟರೆ ಇಡೀ ಸ್ತನ ತೆಗೆದಷ್ಟೇ ಆಯುಷ್ಯ ಸಿಗುತ್ತದೆ. ಹಿಂದೆ ಐದು ವಾರ, 25 ಸಿಟ್ಟಿಂಗ್ ಇದ್ದದ್ದು ಬ್ರಿಟನ್ನಿನ ದೊಡ್ಡ ಅಧ್ಯಯನಗಳ ಫಲವಾಗಿ ಈಗ ಮೂರು ವಾರ, 15 ಸಿಟ್ಟಿಂಗಿಗೆ ಇಳಿದಿದೆ; 2020ರ ನಂತರ ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ 5 ಸಿಟ್ಟಿಂಗ್ ಕೊಡುವುದೂ ಇದೆ. ‘ನಮ್ಮ ಅತ್ತೆಗೆ 25 ಕೊಟ್ಟಿದ್ರು, ನನಗೆ ಯಾಕೆ ಕಡಿಮೆ’ ಎಂದು ಬೇಸರಪಡಬೇಡಿ, ದಿನಗಳು ಕಡಿಮೆಯಾದರೂ ಪ್ರತಿದಿನದ ಪ್ರಮಾಣ ಹೆಚ್ಚಿರುತ್ತದೆ. ಎಡಗಡೆಯಾದರೆ ಉಸಿರನ್ನು ಆಳವಾಗಿ ಎಳೆದು ಹಿಡಿಯಲು ಹೇಳುತ್ತೇವೆ, ಶ್ವಾಸಕೋಶ ತುಂಬಿದಾಗ ಹೃದಯ ಕಿರಣದ ದಾರಿಯಿಂದ ಹಿಂದೆ ಸರಿಯುತ್ತದೆ.

ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಗೆ ಸಮನಾದ ಆಯ್ಕೆಯಾಗಿ ವಿಕಿರಣವಿದೆ. ಮೆದುಳಿನ ತೀವ್ರ ಗಡ್ಡೆಗಳಲ್ಲಿ ಅದು ಆಯುಷ್ಯವನ್ನು ಹೆಚ್ಚಿಸುತ್ತದೆ, ಪೂರ್ತಿ ಗುಣಪಡಿಸುವುದು ಅಪರೂಪ. ರಕ್ತದ ಕ್ಯಾನ್ಸರುಗಳಲ್ಲಿ ಔಷಧವೇ ಪ್ರಧಾನ. ಥೈರಾಯ್ಡಿನ ಕೆಲವು ಕ್ಯಾನ್ಸರುಗಳಿಗೆ ವಿಕಿರಣಶೀಲ ಅಯೋಡಿನ್ ಕುಡಿಸುತ್ತಾರೆ, ಥೈರಾಯ್ಡ್ ಕೋಶಗಳು ಅಯೋಡಿನನ್ನು ತಾವಾಗಿಯೇ ಹೀರಿಕೊಳ್ಳುವುದರಿಂದ ಔಷಧ ತನ್ನ ಗುರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಮೊಮ್ಮಗುವಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಯೋಡಿನ್ ಕುಡಿದವರು ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು. ಹೊರಗಿನ ಯಂತ್ರದಿಂದ ವಿಕಿರಣ ಪಡೆದವರ ಮೈಯಲ್ಲಿ ಏನೂ ಉಳಿಯುವುದಿಲ್ಲ. ಇಂದಿನ ಲೀನಿಯರ್ ಆಕ್ಸಿಲರೇಟರ್ ವಿದ್ಯುತ್ತಿನ ಬಲದಿಂದ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಟಂಗ್‌ಸ್ಟನ್ ಲೋಹಕ್ಕೆ ಬಡಿಸಿ ಎಕ್ಸ್ ಕಿರಣ ಹುಟ್ಟಿಸುತ್ತದೆ. ಈ ಅರ್ಥದಲ್ಲಿ ಜನರ ‘ಕರೆಂಟ್’ ಪದ ತೀರಾ ತಪ್ಪೂ ಅಲ್ಲ. ಗುಂಡಿ ಒತ್ತಿ ನಿಲ್ಲಿಸಿದರೆ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ಕಿರಣವೂ ಉಳಿಯುವುದಿಲ್ಲ. ಅಜ್ಜಿ ಮನೆಗೆ ಹೋಗಿ ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಅವರ ತಟ್ಟೆ ಲೋಟ ಬೇರೆ ಇಡುವ ಮನೆಗಳನ್ನು ನಾನು ಕಂಡಿದ್ದೇನೆ, ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ವಿದ್ಯುತ್ತಿನ ಬದಲು ವಿಕಿರಣಶೀಲ ಕೋಬಾಲ್ಟ್ ಲೋಹದಿಂದ ಕಿರಣ ಪಡೆಯುವ ಕೋಬಾಲ್ಟ್ ಯಂತ್ರ ಹಳೆಯದು, ಕೆಲಸಕ್ಕೆ ಬಾರದ್ದು ಎಂಬ ಮಾತಿಗೆ ಕಿವಿಗೊಡಬೇಡಿ. ಅದರ ಮೂಲದ ಶಕ್ತಿ ಪ್ರತಿ 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಅದಕ್ಕೆ ತಕ್ಕಂತೆ ಮಲಗುವ ಸಮಯ ಹೆಚ್ಚುತ್ತದೆ, ಕಿರಣದ ಅಂಚು ಅಷ್ಟು ಚೂಪಾಗಿರುವುದಿಲ್ಲ. ಆದರೆ ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಸೇರಿದಂತೆ ಕೋಬಾಲ್ಟ್ ಯಂತ್ರಗಳು ಅಸಂಖ್ಯ ಬಡವರನ್ನು ಉಳಿಸಿವೆ. ಇತ್ತ ಎಕ್ಸ್ ಕಿರಣದ ಬದಲು ಪ್ರೋಟಾನ್ ಕಣಗಳನ್ನು ಬಳಸುವ ಪ್ರೋಟಾನ್ ಚಿಕಿತ್ಸೆ ಚೆನ್ನೈನಲ್ಲಿ 2019ರಿಂದ ಇದೆ. ಅದು ಗಡ್ಡೆಯಾಚೆಗೆ ಹೋಗದೆ ನಿಲ್ಲುವುದರಿಂದ ಬೆಳೆಯುವ ಮಕ್ಕಳ ಕೆಲವು ಗಡ್ಡೆಗಳಿಗೆ ನಿಜಕ್ಕೂ ಉಪಕಾರಿ. ಎಲ್ಲರಿಗೂ ಅದು ಬೇಕಾಗಿಲ್ಲ; ಅದಕ್ಕಾಗಿ ಹೊಲ ಮಾರಲು ಹೊರಟವರನ್ನು ನಾನು ತಡೆದಿದ್ದೇನೆ.

ಗುಣಪಡಿಸಲಾಗದ ಹಂತದಲ್ಲೂ ವಿಕಿರಣಕ್ಕೆ ಕೆಲಸವಿದೆ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ರಾತ್ರಿ ನಿದ್ದೆ ಕೊಡುವುದಿಲ್ಲ. ಅದಕ್ಕೆ 8 ಗ್ರೇಯ ಒಂದೇ ಸಿಟ್ಟಿಂಗ್ ಕೊಟ್ಟರೆ ಹತ್ತರಲ್ಲಿ ಆರು ಜನರಿಗಾದರೂ ಕೆಲವು ವಾರಗಳಲ್ಲಿ ನೋವು ತಗ್ಗುತ್ತದೆ. ಆಟೋದಲ್ಲಿ ಕೂರಲಾಗದೆ ಮಲಗಿಸಿಕೊಂಡು ಬಂದಿದ್ದ ಒಬ್ಬ ತಾಯಿ ತಿಂಗಳ ನಂತರ ನಡೆದು ಬಂದು, ‘ರಾತ್ರಿ ನಿದ್ದೆ ಬರ್ತದೆ ಕಣಪ್ಪಾ’ ಎಂದರು. ಬೆನ್ನುನೋವಿನ ಜೊತೆಗೆ ಕಾಲುಗಳ ಬಲ ಹೋಗುತ್ತಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಬೆನ್ನುಹುರಿ ಒತ್ತಿಕೊಂಡಿರಬಹುದು, ನಡೆಯುತ್ತಿರುವಾಗಲೇ ಬಂದವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ.

ಬೆಂಗಳೂರಿನ ಮಾತು ಹೇಳದೆ ಇರಲಾರೆ. 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾದ ಕಾಲದಿಂದಲೂ ರಾಜ್ಯದ ಮೂಲೆಮೂಲೆಯಿಂದ ಜನ ಹೊಸೂರು ರಸ್ತೆಗೆ ಬರುತ್ತಿದ್ದಾರೆ. 35 ಸಿಟ್ಟಿಂಗ್ ಎಂದರೆ ಶನಿವಾರ ಭಾನುವಾರ ಬಿಟ್ಟು ಏಳು ವಾರ. ರಾಯಚೂರಿನಿಂದ ಬಂದ ಕೂಲಿಯವರು ಇಲ್ಲಿ ಏಳು ವಾರ ಎಲ್ಲಿರಬೇಕು, ಏನು ತಿನ್ನಬೇಕು? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ಖರ್ಚನ್ನು ಹೊರಬಹುದು, ರೈಲಿನಲ್ಲಿ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ, ಆದರೆ ಕೋಣೆ ಬಾಡಿಗೆ ಮತ್ತು ಕಳೆದುಕೊಂಡ ಕೂಲಿ ಅವರ ತಲೆಯ ಮೇಲೆಯೇ ಬೀಳುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋದವರನ್ನು ಕೇಳಿದಾಗ ನನಗೆ ಸಿಕ್ಕ ಉತ್ತರ ಹೆಚ್ಚಾಗಿ ನೋವಲ್ಲ, ದುಡ್ಡು ಮುಗಿಯಿತು ಎಂಬುದು. ಧರ್ಮಶಾಲೆಗೆ ಒಂದು ಹಾಸಿಗೆ, ಒಂದು ಹೊತ್ತಿನ ಗಂಜಿ ಕೊಡುವವರನ್ನು ನಾನು ನನ್ನ ಚಿಕಿತ್ಸಾ ತಂಡದವರೆಂದೇ ಎಣಿಸುತ್ತೇನೆ. ಕಲಬುರಗಿ, ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಲ್ಲೂ ವಿಕಿರಣ ಚಿಕಿತ್ಸೆ ಇದೆ. ದೊಡ್ಡ ಊರಿಗೇ ಹೋಗಬೇಕೆಂದು ಹಟ ಹಿಡಿದು ಅರ್ಧದಲ್ಲಿ ಬಿಡುವುದಕ್ಕಿಂತ, ಹತ್ತಿರದ ಊರಿನಲ್ಲಿ ಪೂರ್ತಿ ಮುಗಿಸುವುದು ಎಷ್ಟೋ ಮೇಲು.

ಮೊದಲ ದಿನ ವೈದ್ಯರನ್ನು ಏನು ಕೇಳಬೇಕು ಎಂದು ಒಬ್ಬರು ಚೀಟಿ ಬರೆದು ಕಳಿಸಿದ್ದಾರೆ. ಇದು ಗುಣಪಡಿಸಲು ಕೊಡುವುದೋ ನೋವು ತಗ್ಗಿಸಲು ಕೊಡುವುದೋ ಎಂದು ಕೇಳಿ. ಒಟ್ಟು ಎಷ್ಟು ಸಿಟ್ಟಿಂಗ್, ಯಾವ ತಾರೀಕಿಗೆ ಮುಗಿಯಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸ್ಕ್ಯಾನ್ ಆದ ಮೇಲೆ ಚಿಕಿತ್ಸೆ ಶುರುವಾಗಲು ಒಂದು ವಾರ ಹಿಡಿದರೆ ಅದು ಆಲಸ್ಯವಲ್ಲ. ಪ್ರತಿ ಪದರದಲ್ಲೂ ಗಡ್ಡೆಯನ್ನು, ಬೆನ್ನುಹುರಿಯನ್ನು, ಜೊಲ್ಲುಗ್ರಂಥಿಯನ್ನು ಗೆರೆ ಎಳೆದು ಗುರುತಿಸಿ, ಭೌತವಿಜ್ಞಾನಿಗಳು ಲೆಕ್ಕ ಹಾಕಿ, ಯಂತ್ರದ ಮೇಲೆ ಪರೀಕ್ಷಿಸಿ ನೋಡುವುದಕ್ಕೆ ಬೇಕಾದ ಕಾಲ ಅದು. ಯಂತ್ರ ಕೆಟ್ಟು ನಿಂತರೆ ಅಥವಾ ಸಾಲು ರಜೆ ಬಂದರೆ ಆ ದಿನವನ್ನು ಹೇಗೆ ತುಂಬುತ್ತೀರಿ ಎಂದೂ ಕೇಳಿ. ಶನಿವಾರ ಕೊಡಬಹುದು, ಇಲ್ಲವೇ ಆರು ಗಂಟೆಗಳ ಅಂತರದಲ್ಲಿ ಒಂದೇ ದಿನ ಎರಡು ಸಲ ಕೊಡಬಹುದು. ಜ್ವರವೋ ಬಸ್ ಮುಷ್ಕರವೋ, ಏನೇ ಕಾರಣಕ್ಕೆ ಬರಲಾಗದಿದ್ದರೆ ಆ ದಿನವೇ ಫೋನ್ ಮಾಡಿ. ತಪ್ಪಿದ ಒಂದು ದಿನವನ್ನು ಅದೇ ವಾರದಲ್ಲಿ ತುಂಬಲು ನಮ್ಮಲ್ಲಿ ದಾರಿಗಳಿವೆ, ಹನ್ನೆರಡು ದಿನಗಳಾದ ಮೇಲೆ ಬಂದರೆ ಅವು ಇರುವುದಿಲ್ಲ.